ಮೋಟಾರು ಗಾಡಿಯ ಸ್ಟಿಯರಿಂಗಿನ ಒಳಗೀಲು: ಅದನ್ನು ಪರೀಕ್ಷಿಸುವ ಮತ್ತು ಬದಲಾಯಿಸುವ ಕ್ರಮ

ಎತ್ತಿನ ಗಾಡಿಯನ್ನು ಹೂಡಿ ಸಂತೆಗೆ ಹೊರಡುವ ರೈತನು ಮೊದಲು ಅಚ್ಚಿನ ಕೊನೆಯಲ್ಲಿರುವ ಕಡಾಣಿಯನ್ನು ಕೈಯಿಂದ ಮುಟ್ಟಿ ನೋಡುವನು. ಕಡಾಣಿ ಬಿದ್ದುಹೋದರೆ ಚಕ್ರವು ಕಳಚುವುದೆಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈಗ ಅನೇಕ ಗ್ರಾಮಗಳಲ್ಲಿ ಎತ್ತಿನ ಗಾಡಿಯ ಸ್ಥಾನಕ್ಕೆ ಕಾರೂ ಜೀಪೂ ಟ್ರ್ಯಾಕ್ಟರೂ ಬಂದಿರುತ್ತವೆ. ಇವುಗಳಲ್ಲಿಯೂ ಕಡಾಣಿಯಷ್ಟೇ ಮುಖ್ಯವಾದ ಕೀಲುಗಳುಂಟು. ಆದರೆ ಅವುಗಳಲ್ಲಿ ಕೆಲವು ಕಣ್ಣಿಗೆ ಕಾಣುವ ಸ್ಥಳದಲ್ಲಿಲ್ಲದಿರುವುದರಿಂದ ಯಜಮಾನರು ಅವುಗಳನ್ನು ಮುಟ್ಟಿ ನೋಡುವ ಪದ್ಧತಿಯು ಬೆಳೆದುಬಂದಿಲ್ಲ. ಸ್ಟಿಯರಿಂಗಿಗೆ ಸೇರಿದ ಒಳಗೀಲು ಇಂಥವುಗಳಲ್ಲಿ ಮುಖ್ಯವಾದದ್ದು. ಇದನ್ನು ಪರೀಕ್ಷಿಸುವ ಬಗೆಯನ್ನೂ, ಸವೆದಿದ್ದರೆ ಮನೆಯ ಅಂಗಳದಲ್ಲಿಯೇ ಬದಲಾಯಿಸುವ ಕ್ರಮವನ್ನೂ, ಯಾವ ಹಂತದಲ್ಲಿ ಕೈ ಬಿಟ್ಟು ವರ್ಕ್‌ಷಾಪಿಗೆ ಕಳುಹಿಸಬೇಕೆಂಬುದನ್ನೂ ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ತಿಳಿಯಪಡಿಸುವುದೇ ಈ ಲೇಖನದ ಉದ್ದೇಶವು.

ಈ ಲೇಖಕನು ಕಂಡ ಒಂದು ಸಂಗತಿಯನ್ನು ಮೊದಲು ಹೇಳುವುದು ಉಚಿತ. ಒಬ್ಬ ಜಮೀನುದಾರರ ಸಣ್ಣ ಕಾರು ಹಳ್ಳಿಯ ಮಣ್ಣುರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಮುಂಭಾಗದಲ್ಲಿ ಟಕಟಕನೆ ಸದ್ದು ಮಾಡುತ್ತಿತ್ತು. ಕಣ್ಣಿಗೆ ಕಾಣುವ ಎರಡು ಹೊರಗೀಲುಗಳನ್ನೂ ಬದಲಾಯಿಸಿದರು. ಹಣ ಖರ್ಚಾಯಿತು, ಸದ್ದು ಹೋಗಲಿಲ್ಲ. ಎರಡು ತಿಂಗಳ ತರುವಾಯ ಎಡಗಡೆಯ ಟೈರಿನ ಒಳ ಅಂಚು ನೂಲು ಕಾಣುವಷ್ಟು ಸವೆದುಹೋಯಿತು. ಆಗ ರಬ್ಬರಿನ ಮುಸುಕನ್ನು ಸರಿಸಿ ನೋಡಿದಲ್ಲಿ, ಒಳಗೆ ಕೆಸರುನೀರೂ ತುಕ್ಕೂ ತುಂಬಿ ಒಳಗೀಲಿನ ಗುಂಡು ತನ್ನ ಗೂಡಿನಲ್ಲಿ ಸಡಿಲವಾಗಿ ಅಲುಗಾಡುತ್ತಿತ್ತು. ಅದೇ ಕಾರಿನಲ್ಲಿ ಅವರ ಮನೆಯ ಮಕ್ಕಳು ದಿನವೂ ಶಾಲೆಗೆ ಹೋಗಿಬರುತ್ತಿದ್ದರು. ಕಂಡದ್ದನ್ನು ಬದಲಾಯಿಸಿ, ಕಾಣದ್ದನ್ನು ಪರೀಕ್ಷಿಸದೆ ಬಿಟ್ಟದ್ದೇ ಇಲ್ಲಿ ನಡೆದ ತಪ್ಪು.

ಭಾಗಗಳ ವಿವರಣೆ

ಎರಡು ಚಕ್ರದ ಗಾಡಿಯು ಎತ್ತುಗಳು ತಿರುಗಿದ ಕಡೆಗೆ ಮೂಕಿಯೊಡನೆ ತಾನೇ ತಿರುಗುವುದು. ನಾಲ್ಕು ಚಕ್ರದ ಗಾಡಿಯಲ್ಲಿ ಮುಂದಿನ ಅಚ್ಚನ್ನೇ ಇಡಿಯಾಗಿ ತಿರುಗಿಸುವುದು ಹಳೆಯ ಕ್ರಮವಾಗಿತ್ತು. ಜರ್ಮನಿಯ ಮ್ಯೂನಿಕ್ ನಗರದಲ್ಲಿ ಗಾಡಿಗಳನ್ನು ತಯಾರಿಸುತ್ತಿದ್ದ ಗೆಯೋರ್ಗ್ ಲಂಕೆನ್ಸ್‌ಪೆರ್ಗರ್ ಎಂಬಾತನು, ಅಚ್ಚನ್ನು ಕದಲಿಸದೆ ಮುಂದಿನ ಎರಡು ಚಕ್ರಗಳನ್ನು ಮಾತ್ರ ತಿರುಗಿಸುವ ಏರ್ಪಾಡನ್ನು ಕಲ್ಪಿಸಿದನು. ಅವನ ಪರವಾಗಿ ರುಡಾಲ್ಫ್ ಆಕರ್‌ಮನ್ ಎಂಬಾತನು 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟನ್ನು ಪಡೆದನು. ಗಾಡಿಯು ತಿರುವಿನಲ್ಲಿ ಹೋಗುವಾಗ ಒಳಬದಿಯ ಚಕ್ರವು ಹೊರಬದಿಯ ಚಕ್ರಕ್ಕಿಂತ ಹೆಚ್ಚಾಗಿ ತಿರುಗತಕ್ಕದ್ದೆಂಬುದು ಇದರ ತತ್ತ್ವ. ಎರಡು ಚಕ್ರಗಳೂ ಬೇರೆ ಬೇರೆಯಾಗಿ ತಿರುಗಬೇಕಾದುದರಿಂದ ಅವೆರಡನ್ನೂ ಸಲಾಕೆಗಳಿಂದಲೂ ಕೀಲುಗಳಿಂದಲೂ ಜೋಡಿಸಬೇಕಾಗಿ ಬಂದಿತು. ನಾವು ಈಗ ವಿಚಾರಿಸುವ ಕೀಲುಗಳ ಮೂಲವು ಇದೇ.

ನಮ್ಮ ದೇಶದಲ್ಲಿ ಬಹುಕಾಲ ಓಡಿದ ಅಂಬಾಸಿಡರ್ ಕಾರಿನಲ್ಲಿಯೂ, 1983ರಿಂದ 2014ರವರೆಗೆ ತಯಾರಾದ ಮಾರುತಿ 800 ಕಾರಿನಲ್ಲಿಯೂ, ಇಂದಿನ ಸಣ್ಣ ಕಾರುಗಳಲ್ಲಿಯೂ ಇರುವ ಏರ್ಪಾಡು ರ್‍ಯಾಕು ಮತ್ತು ಪಿನಿಯನ್ ಎಂಬುದು. ಚಾಲಕನು ತಿರುಗಿಸುವ ಸ್ಟಿಯರಿಂಗ್ ಚಕ್ರದ ಕಂಬದ ಕೆಳತುದಿಯಲ್ಲಿ ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿ ಇರುವುದು. ಅದು ರ್‍ಯಾಕು ಎಂಬ ಹಲ್ಲುಳ್ಳ ಸಲಾಕೆಯನ್ನು ಎಡಕ್ಕೂ ಬಲಕ್ಕೂ ಸರಿಸುವುದು. ಆ ಸಲಾಕೆಯ ಎರಡು ತುದಿಗಳಲ್ಲಿಯೂ ಒಂದೊಂದು ಕೀಲು ತಿರುಪಿನಿಂದ ಕೂಡಿಸಲ್ಪಟ್ಟಿರುವುದು. ವರ್ಕ್‌ಷಾಪಿನವರು ಇದನ್ನು ರ್‍ಯಾಕ್ ಎಂಡ್ ಎನ್ನುವರು. ಈ ಲೇಖನದಲ್ಲಿ ಒಳಗೀಲೆಂದು ಕರೆಯುವೆವು. ಒಳಗೀಲಿನಿಂದ ಹೊರಟ ಟೈ ರಾಡ್ ಎಂಬ ಸಲಾಕೆಯ ಮತ್ತೊಂದು ತುದಿಯಲ್ಲಿ, ಚಕ್ರದ ಹತ್ತಿರ, ಇನ್ನೊಂದು ಕೀಲುಂಟು. ಇದನ್ನು ಟೈ ರಾಡ್ ಎಂಡ್ ಎನ್ನುವರು. ಇದನ್ನು ಹೊರಗೀಲೆಂದು ಕರೆಯುವೆವು. ಹೊರಗೀಲಿನ ಮೊಳೆಯು ಚಕ್ರದ ತೋಳಿನ ರಂಧ್ರದಲ್ಲಿ ಕುಳಿತು, ನಟ್ಟಿನಿಂದ ಬಿಗಿಯಲ್ಪಟ್ಟು, ನಟ್ಟು ಬಿಚ್ಚಿಕೊಳ್ಳದಂತೆ ಸ್ಪ್ಲಿಟ್ ಪಿನ್ನೊಂದು ಅಡ್ಡಲಾಗಿ ಹಾಕಲ್ಪಟ್ಟಿರುವುದು. ಈ ಪಿನ್ನು ನಮ್ಮ ಕಡಾಣಿಯ ಕೆಲಸವನ್ನೇ ಮಾಡುವುದು. ಕೆಲವು ಕಾರುಗಳಲ್ಲಿ ಪಿನ್ನಿಗೆ ಬದಲಾಗಿ ತಾನಾಗಿ ಸಡಿಲವಾಗದ ನಟ್ಟನ್ನು ಹಾಕಿರುವುದುಂಟು.

ಎರಡು ಕೀಲುಗಳೊಳಗೂ ನಯವಾದ ಉಕ್ಕಿನ ಗುಂಡೊಂದು ಗೂಡಿನಲ್ಲಿ ಕುಳಿತು ಎಲ್ಲ ಕಡೆಗೂ ಹೊರಳುವುದು. ಒಳಗೀಲಿಗೆ ಕಮ್ಮಾರನ ತಿದಿಯಂತೆ ಮಡಿಕೆಮಡಿಕೆಯಾಗಿರುವ ರಬ್ಬರಿನ ಚೀಲವು ಮುಸುಕಾಗಿರುವುದು. ಈ ತಿದಿಯು ಹರಿಯದೆ ಇರುವ ತನಕ ಕೀಲು ಬಹುಕಾಲ ಬಾಳುವುದು. ಹರಿದರೆ ರಸ್ತೆಯ ಧೂಳೂ ಕೆಸರೂ ಒಳಸೇರಿ, ಗ್ರೀಸಿನೊಡನೆ ಬೆರೆತು, ಸಾಣೆಯ ಪುಡಿಯಂತೆ ಗುಂಡನ್ನು ಅರೆದುಬಿಡುವುದು. ಗದ್ದೆಯ ಬದುವಿನ ದಾರಿಯಲ್ಲಿಯೂ ಹಳ್ಳದ ನೀರಿನಲ್ಲಿಯೂ ಓಡುವ ಹಳ್ಳಿಯ ಗಾಡಿಗಳಲ್ಲಿ ಈ ಸವೆತವು ಪಟ್ಟಣದ ಗಾಡಿಗಳಿಗಿಂತ ಬೇಗ ಉಂಟಾಗುವುದಕ್ಕೆ ಕಾರಣವು ಇದೇ.

ಸವೆತದ ಲಕ್ಷಣಗಳು

ಒರಟು ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಮುಂಭಾಗದಲ್ಲಿ ಟಕಟಕನೆ ಸದ್ದಾಗುವುದು; ಸ್ಟಿಯರಿಂಗ್ ಚಕ್ರವನ್ನು ಸ್ವಲ್ಪ ತಿರುಗಿಸಿದರೂ ಗಾಡಿಯ ಚಕ್ರಗಳು ಕೂಡಲೆ ತಿರುಗದೆ ಇರುವುದು; ನೇರವಾದ ರಸ್ತೆಯಲ್ಲಿ ಗಾಡಿಯು ಅತ್ತಿತ್ತ ಎಳೆಯುವುದು; ಟೈರಿನ ಒಂದು ಅಂಚು ಮಾತ್ರ ಸವೆದು, ಕೈಯಾಡಿಸಿದರೆ ಒಂದು ಕಡೆಗೆ ನಯವಾಗಿಯೂ ಮತ್ತೊಂದು ಕಡೆಗೆ ಗರಗಸದಂತೆಯೂ ಇರುವುದು; ಇವು ಮುಖ್ಯ ಲಕ್ಷಣಗಳು. ಇವುಗಳಲ್ಲಿ ಒಂದು ಕಂಡುಬಂದರೂ ಪರೀಕ್ಷಿಸದೆ ದೂರ ಪ್ರಯಾಣಕ್ಕೆ ಹೊರಡಕೂಡದು. ಗುಂಡು ಗೂಡಿನಿಂದ ಕಳಚಿದರೆ ಆ ಬದಿಯ ಚಕ್ರದ ಮೇಲೆ ಚಾಲಕನಿಗೆ ಯಾವ ಹಿಡಿತವೂ ಉಳಿಯದು. ಸ್ಟಿಯರಿಂಗ್ ಚಕ್ರವನ್ನು ಎಷ್ಟು ತಿರುಗಿಸಿದರೂ ಆ ಚಕ್ರವು ತನ್ನ ಇಷ್ಟ ಬಂದ ಕಡೆಗೆ ತಿರುಗುವುದು. 1988ರ ಮೋಟಾರು ವಾಹನಗಳ ಕಾಯಿದೆಯ 190ನೆಯ ಕಲಮಿನ ಪ್ರಕಾರ, ಅಪಾಯಕರವಾದ ದೋಷವುಳ್ಳ ಗಾಡಿಯನ್ನು ತಿಳಿದೂ ಸಾರ್ವಜನಿಕ ಸ್ಥಳದಲ್ಲಿ ನಡೆಸುವುದು ಮಾತ್ರವಲ್ಲದೆ, ನಡೆಸಗೊಡುವುದೂ ಶಿಕ್ಷೆಗೆ ಗುರಿಯಾದದ್ದು. ಆದಕಾರಣ ಚಾಲಕನನ್ನು ಇಟ್ಟುಕೊಂಡಿರುವ ಯಜಮಾನರೂ ಇದನ್ನು ತಿಳಿದಿರತಕ್ಕದ್ದು.

ಪರೀಕ್ಷಿಸುವ ಕ್ರಮ

ಮೊದಲನೆಯ ಪರೀಕ್ಷೆಗೆ ಇಬ್ಬರು ಬೇಕು. ಗಾಡಿಯು ಸಮವಾದ ನೆಲದ ಮೇಲೆ ನಿಂತಿರಬೇಕು, ಎಂಜಿನ್ನು ನಿಂತಿರಬೇಕು, ಸ್ಟಿಯರಿಂಗಿನ ಬೀಗವು ಬಿಟ್ಟಿರಬೇಕು. ಒಬ್ಬನು ಸ್ಟಿಯರಿಂಗ್ ಚಕ್ರವನ್ನು ಎರಡು ಬೆರಳಿನ ಅಗಲದಷ್ಟು ಮಾತ್ರ ಎಡಕ್ಕೂ ಬಲಕ್ಕೂ ಬಿಡದೆ ಅಲುಗಿಸುತ್ತಿರಲಿ. ಮತ್ತೊಬ್ಬನು ಹೊರಗೀಲಿನ ಮೇಲೆ ಅಂಗೈಯಿಟ್ಟು ನೋಡಲಿ. ಕೀಲಿನೊಳಗೆ ಸಡಿಲವಿದ್ದರೆ ಅದು ಕೈಗೆ ತಟ್ಟುವುದು. ಬಳಿಕ ರಬ್ಬರು ತಿದಿಯನ್ನು ಮೆತ್ತಗೆ ಹಿಸುಕಿ, ಅದರ ಮೂಲಕ ಒಳಗೀಲನ್ನು ಹಿಡಿದು ಅದೇ ಪ್ರಕಾರ ಪರೀಕ್ಷಿಸಬೇಕು. ಕಣ್ಣಿಗೆ ಕಾಣದ ಕೀಲನ್ನು ತಿಳಿಯುವುದಕ್ಕೆ ಕೈಬೆರಳಿಗಿಂತ ಉತ್ತಮವಾದ ಸಾಧನವಿಲ್ಲ.

ಎರಡನೆಯ ಪರೀಕ್ಷೆಗೆ ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಕುದುರೆಯ ಮೇಲೆ ಗಾಡಿಯನ್ನು ನಿಲ್ಲಿಸಬೇಕು. ಗಡಿಯಾರದ 3 ಮತ್ತು 9ರ ಸ್ಥಾನಗಳಲ್ಲಿ ಟೈರನ್ನು ಎರಡು ಕೈಗಳಿಂದ ಹಿಡಿದು ಹಿಂದಕ್ಕೂ ಮುಂದಕ್ಕೂ ಅಲುಗಿಸಿದಾಗ ಸಡಿಲವು ತೋರಿದರೆ ದೋಷವು ಸ್ಟಿಯರಿಂಗಿನ ಕೀಲುಗಳಲ್ಲಿರುವ ಸಂಭವವು ಹೆಚ್ಚು. 12 ಮತ್ತು 6ರ ಸ್ಥಾನಗಳಲ್ಲಿ ಹಿಡಿದಾಗಲೂ ಸಡಿಲವಿದ್ದರೆ ಚಕ್ರದ ಬೇರಿಂಗನ್ನೂ ಕೆಳಗಿನ ಬಾಲ್ ಜಾಯಿಂಟನ್ನೂ ಪರೀಕ್ಷಿಸಬೇಕು. ಟೈ ರಾಡ್ ಅಲುಗಾಡದೆ ಚಕ್ರ ಮಾತ್ರ ಅಲುಗಾಡಿದರೆ ದೋಷವು ಹೊರಗೀಲಿನದು. ರಾಡೂ ಚಕ್ರವೂ ಜೊತೆಯಾಗಿ ಅಲುಗಾಡಿ, ತಿದಿಯೊಳಗಿನ ರ್‍ಯಾಕು ಮಾತ್ರ ಸ್ಥಿರವಾಗಿದ್ದರೆ ದೋಷವು ಒಳಗೀಲಿನದು. ರ್‍ಯಾಕೇ ತನ್ನ ಕೊಳವೆಯಲ್ಲಿ ಮೇಲಕ್ಕೂ ಕೆಳಕ್ಕೂ ಕುಣಿದರೆ ಕೊಳವೆಯೊಳಗಿನ ಬುಷ್ ಸವೆದಿರುವುದು; ಇದು ಮನೆಯ ಕೆಲಸವಲ್ಲ.

ಬೇಕಾದ ಸಾಮಾನುಗಳು

ಜಾಕು, ಗಟ್ಟಿಯಾದ ಎರಡು ಕುದುರೆಗಳು, ಹಿಂದಿನ ಚಕ್ರಗಳಿಗೆ ಅಡ್ಡವಿಡುವ ಮರದ ತುಂಡುಗಳು, ಸ್ಪ್ಯಾನರುಗಳು, ತಂತಿಯ ಬ್ರಷ್ಷು, ತುಕ್ಕು ಬಿಡಿಸುವ ಎಣ್ಣೆ, ಹೊರಗೀಲನ್ನು ಬಿಡಿಸುವ ಪುಲ್ಲರು, ಬಿಗಿತವನ್ನು ಅಳೆಯುವ ಟಾರ್ಕ್ ಸ್ಪ್ಯಾನರು, ಅಳತೆಯ ಪಟ್ಟಿ, ಸುಣ್ಣದ ಕಡ್ಡಿ, ಇವು ಬೇಕು. ಇವುಗಳಲ್ಲದೆ ಒಳಗೀಲಿಗೆಂದೇ ಮಾಡಿದ ಕೊಳವೆಯಾಕಾರದ ಉಪಕರಣವೊಂದುಂಟು. ಒಳಗೀಲು ಚಕ್ರದ ಹಿಂದುಗಡೆ, ಎಂಜಿನ್ನಿಗೂ ಅಡಿಯ ಚೌಕಟ್ಟಿಗೂ ನಡುವೆ ಇರುವುದರಿಂದ ಸಾಮಾನ್ಯ ಸ್ಪ್ಯಾನರನ್ನು ಅಲ್ಲಿಟ್ಟು ತಿರುಗಿಸುವುದಕ್ಕೆ ಸ್ಥಳವಿರುವುದಿಲ್ಲ. ಈ ಕೊಳವೆಯಾದರೋ ಇಡೀ ಟೈ ರಾಡನ್ನು ತನ್ನೊಳಗೆ ನುಂಗಿಕೊಂಡು ಹೋಗಿ ತುದಿಯಲ್ಲಿರುವ ಒಳಗೀಲನ್ನು ಹಿಡಿಯುವುದು. ತಿರುಗಿಸುವ ಹಿಡಿಕೆಯು ಚಕ್ರವಿದ್ದ ಬಯಲಿನಲ್ಲಿಯೇ ಉಳಿಯುವುದು. ಮುಟ್ಟಲಾಗದ ಸ್ಥಳದ ಕಷ್ಟವು ಇದರಿಂದ ಬಹುಮಟ್ಟಿಗೆ ಪರಿಹಾರವಾಗುವುದು. ಊರಿನ ನಾಲ್ಕಾರು ಯಜಮಾನರು ಕೂಡಿ ಇಂಥದೊಂದನ್ನು ಕೊಂಡಿಟ್ಟುಕೊಂಡರೆ ಎಲ್ಲರಿಗೂ ಅನುಕೂಲ.

ಹೊಸ ಒಳಗೀಲು, ಹೊಸ ತಿದಿ, ಹೊಸ ಪಟ್ಟಿಗಳು, ಹೊಸ ಸ್ಪ್ಲಿಟ್ ಪಿನ್ನು, ಹೊಸ ಲಾಕ್ ವಾಷರು ಇವುಗಳನ್ನು ಮೊದಲೇ ತಂದಿಟ್ಟುಕೊಳ್ಳಬೇಕು. ಹಳೆಯ ಪಿನ್ನನ್ನೂ ವಾಷರನ್ನೂ ನೆಟ್ಟಗೆ ಮಾಡಿ ಮತ್ತೆ ಉಪಯೋಗಿಸಕೂಡದು. ಒಮ್ಮೆ ಬಗ್ಗಿದ ತಗಡು ಎರಡನೆಯ ಸಲ ಬಗ್ಗಿಸುವಾಗ ಸೀಳುವುದುಂಟು. ಹೊಸ ಕೀಲಿನ ಗುಂಡನ್ನು ಕೈಯಿಂದ ಹೊರಳಿಸಿದರೆ ಬಿಗಿಯಾಗಿಯೂ ನಯವಾಗಿಯೂ ಹೊರಳಬೇಕು. ಸುಲಭವಾಗಿ ಜೋಲುಬೀಳುವ ಕೀಲು ಹೊಸದಾದರೂ ಬೇಡ.

ಗಾಡಿಯನ್ನು ಎತ್ತುವಾಗಿನ ಎಚ್ಚರಿಕೆ

ಈ ಕೆಲಸದಲ್ಲಿ ಪ್ರಾಣಕ್ಕೆ ಅಪಾಯವಿರುವುದು ಕೀಲಿನಿಂದಲ್ಲ, ಜಾಕಿನಿಂದ. ಜಾಕು ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಜಾಕಿನ ಮೇಲೆ ಮಾತ್ರ ನಿಂತಿರುವ ಗಾಡಿಯ ಕೆಳಗೆ ಯಾರೂ ಒಂದು ಕ್ಷಣವಾದರೂ ಮಲಗಕೂಡದು. ಇಟ್ಟಿಗೆಗಳನ್ನೂ ಟೊಳ್ಳು ಸಿಮೆಂಟು ಗಟ್ಟಿಗಳನ್ನೂ ಕುದುರೆಗೆ ಬದಲಾಗಿ ಇಡಕೂಡದು. ಇವು ಮುನ್ಸೂಚನೆ ಕೊಡದೆ ಪುಡಿಯಾಗುವುವು. ಗಾಡಿಯು ಸಮವಾದ ಗಟ್ಟಿ ನೆಲದ ಮೇಲಿರಬೇಕು. ಮಣ್ಣಿನ ಅಂಗಳವಾದರೆ ಜಾಕಿನ ಕೆಳಗೂ ಕುದುರೆಗಳ ಕೆಳಗೂ ದಪ್ಪ ಹಲಗೆಯನ್ನು ಹಾಕಬೇಕು. ಕೈಬ್ರೇಕನ್ನು ಎಳೆದು, ಮೊದಲನೆಯ ಗೇರಿನಲ್ಲಿಟ್ಟು, ಹಿಂದಿನ ಎರಡು ಚಕ್ರಗಳಿಗೂ ಹಿಂದೆ ಮುಂದೆ ಮರದ ತುಂಡುಗಳನ್ನು ಕೊಡಬೇಕು. ಚಕ್ರದ ನಟ್ಟುಗಳನ್ನು ಎತ್ತುವುದಕ್ಕೆ ಮುಂಚೆಯೇ ಸ್ವಲ್ಪ ಸಡಿಲಿಸತಕ್ಕದ್ದು. ಗಾಡಿಯನ್ನು ಕುದುರೆಗಳ ಮೇಲಿಳಿಸಿದ ಮೇಲೆ ಪಕ್ಕದಿಂದ ತಳ್ಳಿ ನೋಡಬೇಕು. ಅಲುಗಾಡಿದರೆ ಇಳಿಸಿ ಮತ್ತೆ ಸರಿಯಾಗಿ ನಿಲ್ಲಿಸಬೇಕು. ಬಿಚ್ಚಿದ ಚಕ್ರವನ್ನು ಗಾಡಿಯ ಪಕ್ಕದ ಅಡಿಗೆ ಮಲಗಿಸಿದರೆ ಕುದುರೆ ಜಾರಿದರೂ ಮನುಷ್ಯನು ಉಳಿಯುವನು.

ಕೆಲಸದ ಕ್ರಮ

1. ಹಿಂದಿನ ಸಾಯಂಕಾಲವೇ ಎಲ್ಲ ತಿರುಪುಗಳನ್ನೂ ತಂತಿಯ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕಿಡಬೇಕು. ರಾತ್ರಿಯೆಲ್ಲಾ ನೆನೆದ ನಟ್ಟು ಬೆಳಗ್ಗೆ ಅರ್ಧ ಬಲಕ್ಕೆ ಬಿಚ್ಚುವುದು.

2. ಏನನ್ನೂ ಬಿಚ್ಚುವುದಕ್ಕೆ ಮುಂಚೆ ಅಳತೆಯನ್ನು ತೆಗೆದುಕೊಳ್ಳಬೇಕು. ಹೊರಗೀಲಿನ ಮೊಳೆಯ ನಡುವಿನಿಂದ ಒಳಗೀಲು ರ್‍ಯಾಕಿಗೆ ತಾಕುವ ಅಂಚಿನವರೆಗೆ ಎಷ್ಟು ಉದ್ದವಿದೆಯೆಂಬುದನ್ನು ತಿದಿಯನ್ನು ಸರಿಸಿ ಅಳೆದು ಬರೆದಿಟ್ಟುಕೊಳ್ಳತಕ್ಕದ್ದು. ಹೊರಗೀಲನ್ನು ಬಿಚ್ಚುವಾಗ ಎಷ್ಟು ಸುತ್ತು ಬಂದಿತೆಂದು ಎಣಿಸಿಕೊಂಡರೆ ಸಾಕೆಂದು ಕೆಲವರು ಹೇಳುವರು. ಹೊಸ ಕೀಲಿನ ಉದ್ದವು ಹಳೆಯದರಿಂದ ಸ್ವಲ್ಪ ಬೇರೆಯಾಗಿರುವುದುಂಟಾದುದರಿಂದ ಸುತ್ತಿನ ಲೆಕ್ಕದ ಜೊತೆಗೆ ಈ ಅಳತೆಯೂ ಬೇಕು.

3. ಹೊರಗೀಲು ಚಕ್ರದ ತೋಳಿಗೆ ಇನ್ನೂ ಬಿಗಿದಿರುವಾಗಲೇ ಟೈ ರಾಡಿನ ಮೇಲಿನ ಲಾಕ್ ನಟ್ಟನ್ನು ಕಾಲು ಸುತ್ತು ಸಡಿಲಿಸಬೇಕು. ಮೊದಲು ಕೀಲನ್ನು ಬಿಡಿಸಿಬಿಟ್ಟರೆ ಹಿಡಿದುಕೊಳ್ಳುವುದಕ್ಕೆ ಆಧಾರವು ತಪ್ಪುವುದು. ತಿರುಪು ಬಲಗೈಯದೋ ಎಡಗೈಯದೋ ಎಂಬುದನ್ನು ಕಣ್ಣಿಟ್ಟು ನೋಡಿಯೇ ಬಲವನ್ನು ಹಾಕಬೇಕು.

4. ಸ್ಪ್ಲಿಟ್ ಪಿನ್ನನ್ನು ತೆಗೆದು ನಟ್ಟನ್ನು ಸಡಿಲಿಸಿ, ಪೂರ್ತಿಯಾಗಿ ತೆಗೆಯದೆ ಕೆಲವು ಸುತ್ತುಗಳ ಮೇಲೆ ಬಿಡಬೇಕು. ಮೊಳೆಯು ಒಂದು ಕಡೆಗೆ ಕಿರಿದಾಗುತ್ತ ಹೋಗಿ ರಂಧ್ರದಲ್ಲಿ ಬೆಣೆಯಂತೆ ಕುಳಿತಿರುವುದರಿಂದ ನಟ್ಟು ಬಿಚ್ಚಿದ ಮಾತ್ರಕ್ಕೆ ಬರುವುದಿಲ್ಲ. ಪುಲ್ಲರಿನಿಂದ ಒತ್ತಿದರೆ ಫಕ್ಕನೆ ಬಿಡುವುದು. ಆಗ ನಟ್ಟು ಅದನ್ನು ಹಾರದಂತೆ ತಡೆಯುವುದು. ಪುಲ್ಲರಿಲ್ಲದಿದ್ದರೆ ತೋಳಿನ ಕಣ್ಣಿನ ಒಂದು ಪಕ್ಕಕ್ಕೆ ದೊಡ್ಡ ಸುತ್ತಿಗೆಯನ್ನು ಆನಿಸಿ ಮತ್ತೊಂದು ಪಕ್ಕಕ್ಕೆ ಹೊಡೆಯಬಹುದು. ಮೊಳೆಯ ತುದಿಗೆ ಹೊಡೆದರೆ ತಿರುಪು ಚಪ್ಪಟೆಯಾಗಿ ಕೀಲು ಕೆಡುವುದು. ಬೆಂಕಿಯಿಂದ ಕಾಯಿಸುವುದಂತೂ ಸರ್ವಥಾ ಕೂಡದು. ರಬ್ಬರೂ ಗ್ರೀಸೂ ಸುಡುವುದಲ್ಲದೆ ಉಕ್ಕಿನ ಹದವೂ ಕೆಡುವುದು.

5. ಹೊರಗೀಲನ್ನು ಸುತ್ತುಗಳನ್ನು ಎಣಿಸುತ್ತಾ ಬಿಚ್ಚಿ, ಲಾಕ್ ನಟ್ಟನ್ನೂ ತೆಗೆದು, ಪಟ್ಟಿಗಳನ್ನು ಬಿಡಿಸಿ ತಿದಿಯನ್ನು ಹೊರಕ್ಕೆಳೆಯಬೇಕು. ಇಲ್ಲಿ ಒಂದು ಕ್ಷಣ ನಿಂತು ನೋಡತಕ್ಕದ್ದು. ರ್‍ಯಾಕಿನ ಮೈ ಒಣಗಿದ ಗ್ರೀಸಿನಿಂದ ಕೂಡಿ ನಯವಾಗಿದ್ದರೆ ಮುಂದುವರಿಯಬಹುದು. ತುಕ್ಕು ಹಿಡಿದು ಗುಳಿಗುಳಿಯಾಗಿದ್ದರೆ ಅಥವಾ ಎಣ್ಣೆಯ ಒತ್ತಡದಿಂದ ನಡೆಯುವ ಪವರ್ ಸ್ಟಿಯರಿಂಗಿನಲ್ಲಿ ತಿದಿಯೊಳಗೆ ಎಣ್ಣೆ ನಿಂತಿದ್ದರೆ, ಕೀಲನ್ನು ಬದಲಾಯಿಸಿ ಪ್ರಯೋಜನವಿಲ್ಲ. ಇಡೀ ರ್‍ಯಾಕನ್ನು ವರ್ಕ್‌ಷಾಪಿನವರಿಗೆ ತೋರಿಸಬೇಕು.

6. ಸ್ಟಿಯರಿಂಗನ್ನು ತಿರುಗಿಸಿ ಆ ಬದಿಯ ರ್‍ಯಾಕು ಹೊರಕ್ಕೆ ಬರುವಂತೆ ಮಾಡಿಕೊಳ್ಳಬೇಕು. ಲಾಕ್ ವಾಷರಿನ ಮಡಿಚಿದ ಅಂಚನ್ನು ಉಳಿಯಿಂದ ಬಿಡಿಸಬೇಕು. ರ್‍ಯಾಕಿನ ತುದಿಯಲ್ಲಿ ಚಪ್ಪಟೆಯಾದ ಭಾಗವಿದ್ದರೆ ಅದನ್ನು ಒಂದು ಸ್ಪ್ಯಾನರಿನಿಂದ ಹಿಡಿದು, ಕೊಳವೆಯ ಉಪಕರಣದಿಂದ ಒಳಗೀಲನ್ನು ಬಿಚ್ಚಬೇಕು. ಹೀಗೆ ಹಿಡಿಯದೆ ಬಿಚ್ಚಿದರೆ ತಿರುಚುವ ಬಲವೆಲ್ಲವೂ ರ್‍ಯಾಕು ಪಿನಿಯನ್ನುಗಳ ಹಲ್ಲುಗಳ ಮೇಲೆ ಬೀಳುವುದು. ರ್‍ಯಾಕಿನ ನಯವಾದ ಮೈಯನ್ನು ಇಕ್ಕಳದಿಂದ ಹಿಡಿಯಕೂಡದು. ಅಲ್ಲಿ ಬಿದ್ದ ಒಂದು ಗೀರು ಕೊಳವೆಯೊಳಗಿನ ಬುಷ್ಷನ್ನೋ ಸೀಲನ್ನೋ ತಿಂದುಹಾಕುವುದು.

7. ತಿರುಪನ್ನು ಶುದ್ಧಿಮಾಡಿ, ಹೊಸ ವಾಷರನ್ನು ಹಾಕಿ, ಹೊಸ ಒಳಗೀಲನ್ನು ಮೊದಲು ಕೈಯಿಂದಲೇ ತಿರುಗಿಸಿ ಕೂಡಿಸಬೇಕು. ಕೊನೆಗೆ ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿಯನ್ನು ಟಾರ್ಕ್ ಸ್ಪ್ಯಾನರಿನಿಂದ ಕೊಡತಕ್ಕದ್ದು. ಈ ಬಿಗಿಯನ್ನು ನ್ಯೂಟನ್ ಮೀಟರುಗಳಲ್ಲಿ ಹೇಳಿರುವರು. 25 ಸೆಂ. ಮೀ. ಉದ್ದದ ಹಿಡಿಕೆಯ ತುದಿಯಲ್ಲಿ 20 ಕಿಲೋಗ್ರಾಂ ತೂಕವನ್ನು ತೂಗುಹಾಕಿದರೆ ಉಂಟಾಗುವ ಬಲವು ಸುಮಾರು 50 ನ್ಯೂಟನ್ ಮೀಟರೆಂದು ತಿಳಿದರೆ ಅಂದಾಜು ಸಿಗುವುದು. ಬಿಗಿದ ಮೇಲೆ ವಾಷರಿನ ಅಂಚನ್ನು ಕೀಲಿನ ಚಪ್ಪಟೆಯಾದ ಮೈಗೆ ಮಡಿಚಬೇಕು. ವಾಷರಿಲ್ಲದ ಕಾರುಗಳಲ್ಲಿ ತಯಾರಕರು ಹೇಳಿದ ಅಂಟನ್ನು ತಿರುಪಿಗೆ ಹಚ್ಚಬೇಕು.

8. ಹೊಸ ತಿದಿಯನ್ನು ತಿರುಚಿಕೊಳ್ಳದಂತೆ ಕೂಡಿಸಿ ಪಟ್ಟಿಗಳನ್ನು ಬಿಗಿಯಬೇಕು. ಲಾಕ್ ನಟ್ಟನ್ನೂ ಹೊರಗೀಲನ್ನೂ ಮೊದಲಿನ ಅಳತೆ ಬರುವವರೆಗೆ ಹಾಕಬೇಕು.

9. ಹೊರಗೀಲಿನ ಮೊಳೆಯನ್ನೂ ತೋಳಿನ ರಂಧ್ರವನ್ನೂ ಒಣಬಟ್ಟೆಯಿಂದ ಒರಸಿ ಕೂಡಿಸಬೇಕು. ಅಲ್ಲಿಗೆ ಎಣ್ಣೆಯನ್ನಾಗಲಿ ಗ್ರೀಸನ್ನಾಗಲಿ ಹಚ್ಚಕೂಡದು. ನಟ್ಟನ್ನು ಹೇಳಿದಷ್ಟು ಬಿಗಿದ ಮೇಲೆ ಪಿನ್ನಿನ ರಂಧ್ರವು ಸರಿಬಾರದಿದ್ದರೆ, ಸರಿಬರುವ ತನಕ ಇನ್ನೂ ಸ್ವಲ್ಪ ಬಿಗಿಯಬೇಕೇ ಹೊರತು ಎಂದಿಗೂ ಸಡಿಲಿಸಕೂಡದು. ಹೊಸ ಪಿನ್ನನ್ನು ಹಾಕಿ ಎರಡು ಕಾಲುಗಳನ್ನೂ ಮಡಿಚಬೇಕು. ಇದನ್ನು ಮಾಡಿದವನಲ್ಲದೆ ಮತ್ತೊಬ್ಬನೂ ಬಂದು ಕೈಯಿಂದ ಮುಟ್ಟಿ ನೋಡತಕ್ಕದ್ದು.

10. ಚಕ್ರವನ್ನು ಹಾಕುವುದಕ್ಕೆ ಮುಂಚೆ ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ನಿಧಾನವಾಗಿ ತಿರುಗಿಸಿ, ತಿದಿಯು ಎಳೆಯಲ್ಪಡದೆ, ಬ್ರೇಕಿನ ರಬ್ಬರು ಕೊಳವೆಯು ಎಲ್ಲಿಯೂ ಉಜ್ಜದೆ ಇರುವುದನ್ನು ನೋಡಿಕೊಳ್ಳಬೇಕು. ಗಾಡಿಯನ್ನು ನೆಲಕ್ಕಿಳಿಸಿದ ಮೇಲೆ ಚಕ್ರದ ನಟ್ಟುಗಳನ್ನು ಒಂದಕ್ಕೊಂದು ಎದುರಾದವುಗಳನ್ನಾರಿಸಿ ಬಿಗಿಯಬೇಕು.

ಚಕ್ರಗಳ ನೇರವನ್ನು ಅಳೆಯುವುದು

ಅನೇಕರು ಇಲ್ಲಿಗೆ ಕೆಲಸವು ಮುಗಿಯಿತೆಂದು ಎಣಿಸಿ ಗಾಡಿಯನ್ನು ಓಡಿಸಿಬಿಡುವರು. ಇದರಿಂದಾಗುವ ನಷ್ಟವನ್ನು ಲೆಕ್ಕದಿಂದ ತೋರಿಸುವೆವು. ತಿರುಪಿನ ಒಂದು ಸುತ್ತಿಗೆ ಟೈ ರಾಡಿನ ಉದ್ದವು ಒಂದೂವರೆ ಮಿ. ಮೀ. ಬದಲಾಗುವುದೆಂದೂ, ಚಕ್ರದ ತೋಳು 12 ಸೆಂ. ಮೀ. ಉದ್ದವಿದೆಯೆಂದೂ, ಟೈರಿನ ಅಡ್ಡಗಲವು 55 ಸೆಂ. ಮೀ. ಎಂದೂ ಇಟ್ಟುಕೊಳ್ಳೋಣ. ತೋಳಿನ ತುದಿಯಲ್ಲಿ ಒಂದೂವರೆ ಮಿ. ಮೀ. ಆದ ವ್ಯತ್ಯಾಸವು, ಟೈರಿನ ಮುಂದಂಚಿಗೂ ಹಿಂದಂಚಿಗೂ ನಡುವೆ ಸುಮಾರು 7 ಮಿ. ಮೀ. ಆಗುವುದು. ಗಾಡಿಯು ನೇರವಾಗಿ ಹೋಗುವಾಗ ಎರಡು ಚಕ್ರಗಳೂ ಈ ತಪ್ಪನ್ನು ಸಮನಾಗಿ ಹಂಚಿಕೊಳ್ಳುವುವು. ಆಗ ಪ್ರತಿ ಕಿಲೋಮೀಟರಿಗೂ ಒಂದೊಂದು ಟೈರು ಸುಮಾರು 6 ಮೀಟರು ದೂರ ಅಡ್ಡಲಾಗಿ ನೆಲಕ್ಕೆ ಉಜ್ಜಲ್ಪಟ್ಟಂತಾಯಿತು. ನೂರು ಕಿಲೋಮೀಟರಿನ ಪ್ರಯಾಣಕ್ಕೆ ಇದು 600 ಮೀಟರಿಗಿಂತ ಹೆಚ್ಚು. ಒಂದೇ ಒಂದು ಸುತ್ತಿನ ಅಜಾಗ್ರತೆಯಿಂದ ಹೊಸ ಟೈರುಗಳು ಹೇಗೆ ಹಾಳಾಗುವುವೆಂಬುದು ಇದರಿಂದ ಸ್ಪಷ್ಟವಾಗುವುದು.

ಮನೆಯಲ್ಲಿ ಇದನ್ನು ಸ್ಥೂಲವಾಗಿ ಅಳೆಯುವುದಕ್ಕೆ ಗಾರೆ ಕೆಲಸದವರ ತೂಗುಗುಂಡು ಸಾಕು. ಮುಂದಿನ ಚಕ್ರಗಳನ್ನು ಎತ್ತಿದಾಗಲೇ ಒಂದೊಂದನ್ನೂ ತಿರುಗಿಸುತ್ತಾ, ಅಲುಗಾಡದಂತೆ ಹಿಡಿದ ಮೊಳೆಯಿಂದ ಟೈರಿನ ಮೈಮೇಲೆ ಸುತ್ತಲೂ ಒಂದು ಗೆರೆಯನ್ನು ಕೊರೆಯಬೇಕು. ಗಾಡಿಯನ್ನು ಇಳಿಸಿ, ಸ್ಟಿಯರಿಂಗನ್ನು ನೇರವಾಗಿಟ್ಟು, ಕೆಲವು ಹೆಜ್ಜೆ ಮುಂದಕ್ಕೆ ತಳ್ಳಿ ನಿಲ್ಲಿಸಬೇಕು. ಅಚ್ಚಿನ ಎತ್ತರದಲ್ಲಿ ಟೈರಿನ ಮುಂಬದಿಯ ಗೆರೆಯಿಂದ ತೂಗುಗುಂಡನ್ನು ಬಿಟ್ಟು ನೆಲದ ಮೇಲೆ ಗುರುತು ಮಾಡಬೇಕು. ಹಿಂಬದಿಯ ಗೆರೆಯಿಂದಲೂ ಹಾಗೆಯೇ. ಎರಡು ಚಕ್ರಗಳಿಗೂ ಸೇರಿ ನೆಲದ ಮೇಲೆ ನಾಲ್ಕು ಗುರುತುಗಳಾಗುವುವು. ಮುಂದಿನ ಎರಡು ಗುರುತುಗಳ ದೂರಕ್ಕೂ ಹಿಂದಿನ ಎರಡು ಗುರುತುಗಳ ದೂರಕ್ಕೂ ಇರುವ ವ್ಯತ್ಯಾಸವನ್ನು ಕೈಪಿಡಿಯಲ್ಲಿ ಹೇಳಿದುದರೊಡನೆ ಹೋಲಿಸಬೇಕು. ಅನೇಕ ಸಣ್ಣ ಕಾರುಗಳಲ್ಲಿ ಇದು ಸೊನ್ನೆಯಿಂದ ಕೆಲವೇ ಮಿ. ಮೀ. ಒಳಗಿರುವುದು.

ತಿದ್ದುವಾಗ ಒಂದು ವಿಷಯವನ್ನು ಗಮನಿಸಬೇಕು. ಚಕ್ರದ ತೋಳು ಅಚ್ಚಿನ ಹಿಂದಕ್ಕಿದ್ದರೆ ಟೈ ರಾಡನ್ನು ಉದ್ದಮಾಡಿದಷ್ಟೂ ಚಕ್ರಗಳ ಮುಂದಂಚುಗಳು ಹತ್ತಿರವಾಗುವುವು; ತೋಳು ಅಚ್ಚಿನ ಮುಂದಕ್ಕಿದ್ದರೆ ದೂರವಾಗುವುವು. ಎರಡು ಬದಿಗಳಲ್ಲಿಯೂ ಸಮನಾಗಿ ತಿದ್ದಿದರೆ ಮಾತ್ರ ಸ್ಟಿಯರಿಂಗ್ ಚಕ್ರವು ನೇರವಾಗಿ ನಿಲ್ಲುವುದು. ತಿದ್ದಿದ ಮೇಲೆ ಹೊರಗೀಲನ್ನು ಓರೆಯಾಗದಂತೆ ನಡುಸ್ಥಾನದಲ್ಲಿ ಹಿಡಿದು ಲಾಕ್ ನಟ್ಟನ್ನು ಬಿಗಿಯತಕ್ಕದ್ದು; ಇದನ್ನು ಮರೆಯುವವರು ಬಹುಮಂದಿ. ಈ ಅಳತೆಯು ಗಾಡಿಯನ್ನು ನಿಧಾನವಾಗಿ ಪಟ್ಟಣದವರೆಗೆ ಒಯ್ಯುವುದಕ್ಕೆ ಸಾಕಾಗುವುದು. ಅಲ್ಲಿ ಯಂತ್ರದಿಂದ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿದ ಹೊರತು ಕೆಲಸವು ಪೂರ್ತಿಯಾಯಿತೆಂದು ಎಣಿಸಕೂಡದು. ಹೊರಡುವುದಕ್ಕೆ ಮುಂಚೆ ಅಂಗಳದಲ್ಲಿಯೇ ನಾಲ್ಕಾರು ಸಲ ಓಡಿಸಿ, ತಿರುಗಿಸಿ, ಬ್ರೇಕು ಹಾಕಿ ನೋಡಬೇಕು. ಒಂದು ವಾರದ ತರುವಾಯ ಎಲ್ಲ ನಟ್ಟುಗಳನ್ನೂ ಪಿನ್ನನ್ನೂ ಮತ್ತೊಮ್ಮೆ ಪರೀಕ್ಷಿಸಬೇಕು.

ಮನೆಯಲ್ಲಿ ಮಾಡಬಾರದ ಕೆಲಸಗಳು

ಸವೆದ ಗುಂಡಿನ ಗೂಡನ್ನು ಸುತ್ತಿಗೆಯಿಂದ ಬಡಿದು ಕಿರಿದುಮಾಡುವುದು, ಕೀಲಿನೊಳಗೆ ತಗಡಿನ ಚೂರನ್ನು ತುರುಕುವುದು, ಬಗ್ಗಿದ ಟೈ ರಾಡನ್ನು ಕಾಯಿಸಿ ನೆಟ್ಟಗೆ ಮಾಡುವುದು, ಬಿರಿದ ಭಾಗಕ್ಕೆ ಬೆಸುಗೆ ಹಾಕಿಸುವುದು, ಇವುಗಳಲ್ಲಿ ಯಾವುದನ್ನೂ ಮನೆಯಲ್ಲಾಗಲಿ ಹೊರಗಾಗಲಿ ಮಾಡಿಸಕೂಡದು. ನೇಗಿಲಿನ ಕಬ್ಬಿಣವು ಮುರಿದರೆ ಉಳುಮೆ ನಿಲ್ಲುವುದು. ಇದು ಮುರಿದರೆ ಪ್ರಾಣವು ಹೋಗುವುದು. ರ್‍ಯಾಕಿನ ಕೊಳವೆಯನ್ನು ಬಿಚ್ಚುವುದು, ಪಿನಿಯನ್ನನ್ನು ಸರಿಪಡಿಸುವುದು, ವಿದ್ಯುತ್ತಿನಿಂದ ನಡೆಯುವ ಪವರ್ ಸ್ಟಿಯರಿಂಗಿನ ಮೋಟಾರನ್ನು ಮುಟ್ಟುವುದು, ಸ್ಟಿಯರಿಂಗ್ ಕಂಬವನ್ನು ರ್‍ಯಾಕಿನಿಂದ ಬೇರ್ಪಡಿಸುವುದು, ಇವು ಬಲ್ಲ ಕೆಲಸಗಾರರಿಗೇ ಬಿಡತಕ್ಕವು. ಏರ್ ಬ್ಯಾಗುಳ್ಳ ಕಾರುಗಳಲ್ಲಿ ಕಂಬವನ್ನು ಬೇರ್ಪಡಿಸಿ ಸ್ಟಿಯರಿಂಗ್ ಚಕ್ರವನ್ನು ಸುತ್ತಿಸಿದರೆ ಅದರೊಳಗಿನ ತಂತಿಯ ಸುರುಳಿಯು ಹರಿದು, ಅಪಘಾತದ ಕಾಲದಲ್ಲಿ ಏರ್ ಬ್ಯಾಗು ಕೆಲಸ ಮಾಡದೆ ಹೋಗಬಹುದು. ಮೇಲೆ ಹೇಳಿದ ಕೆಲಸದಲ್ಲಿ ಕಂಬವನ್ನು ಎಲ್ಲಿಯೂ ಬಿಚ್ಚಬೇಕಾಗಿಲ್ಲ.

ಟ್ರ್ಯಾಕ್ಟರುಗಳ ವಿಷಯ

ಟ್ರ್ಯಾಕ್ಟರುಗಳ ಮುಂದಿನ ಅಚ್ಚಿನಲ್ಲಿರುವ ಕೀಲುಗಳು ಬಹುಮಟ್ಟಿಗೆ ಬಯಲಿನಲ್ಲಿಯೇ ಇರುವುದರಿಂದ ಅವುಗಳನ್ನು ನೋಡುವುದೂ ಬದಲಾಯಿಸುವುದೂ ಸುಲಭ. ಆದರೆ ಕೆಸರುಗದ್ದೆಯಲ್ಲಿ ಮುಳುಗುವವೂ ಅವೇ. ಗ್ರೀಸ್ ನಿಪ್ಪಲ್ ಇರುವ ಕೀಲುಗಳಿಗೆ ಗದ್ದೆಯ ಕೆಲಸವು ಮುಗಿದ ದಿನವೇ ತೊಳೆದು, ಹಳೆಯ ಕೊಳಕು ಹೊರಬರುವ ತನಕ ಹೊಸ ಗ್ರೀಸನ್ನು ತುಂಬಬೇಕು. ಟ್ರೈಲರಿನಲ್ಲಿ ಕಬ್ಬನ್ನೋ ಆಳುಗಳನ್ನೋ ತುಂಬಿಕೊಂಡು ಹೊರಡುವ ಟ್ರ್ಯಾಕ್ಟರಿನ ಕೀಲು ಇಳಿಜಾರಿನಲ್ಲಿ ಕಳಚಿದರೆ ಆಗುವ ಅನಾಹುತವು ಒಂದು ಮನೆಗೆ ಮುಗಿಯುವುದಿಲ್ಲ.

ಆದಕಾರಣ ಗ್ರಾಮದ ಮುಖಂಡರು ಮುಂಗಾರಿನ ಬಿತ್ತನೆಗೆ ಮುಂಚೆ ಒಂದು ದಿನವನ್ನೂ, ಸುಗ್ಗಿಯ ಸಾಗಾಣಿಕೆಗೆ ಮುಂಚೆ ಒಂದು ದಿನವನ್ನೂ ಗೊತ್ತುಮಾಡಿ, ಊರಿನ ಕಾರು, ಜೀಪು, ಟ್ರ್ಯಾಕ್ಟರುಗಳನ್ನೆಲ್ಲಾ ಒಂದೆಡೆ ಸೇರಿಸಿ, ಮೇಲೆ ಹೇಳಿದ ಮೊದಲನೆಯ ಪರೀಕ್ಷೆಯನ್ನು ಮಾಡಿಸುವುದು ಬಹಳ ಒಳ್ಳೆಯದು. ಅದಕ್ಕೆ ಹಣವೂ ಬೇಡ, ಉಪಕರಣವೂ ಬೇಡ. ಇಬ್ಬರು ಮನುಷ್ಯರೂ ಗಾಡಿಗೆ ಐದು ನಿಮಿಷದ ಕಾಲವೂ ಸಾಕು. ಚಾಲಕರಾದ ಯುವಕರನ್ನು ಹತ್ತಿರ ಕರೆದು, ತಿದಿಯ ಮೂಲಕ ಒಳಗೀಲನ್ನು ಅವರ ಬೆರಳುಗಳಿಂದಲೇ ಮುಟ್ಟಿಸಬೇಕು. ನಮ್ಮ ಹಿರಿಯರು ಕಡಾಣಿಯನ್ನು ಮುಟ್ಟಿ ನೋಡದೆ ಗಾಡಿಯನ್ನು ಹೊರಡಿಸುತ್ತಿರಲಿಲ್ಲ. ಇಂದಿನ ಗಾಡಿಯ ಕಡಾಣಿಯು ರಬ್ಬರಿನ ಮುಸುಕಿನೊಳಗೆ ಸೇರಿಕೊಂಡಿದೆಯೆಂಬುದಷ್ಟೇ ವ್ಯತ್ಯಾಸ. ಅದನ್ನು ಮುಟ್ಟಿ ನೋಡುವ ಹೊಣೆಯು ಯಜಮಾನನ ಮೇಲೆ ಮೊದಲಿನಂತೆಯೇ ಇರುವುದು.